ಗುಡ್ಡದ ಬಂಗಲೆಯಿಂದ ಹಳ್ಳಿಯ ಶಾಲೆಗೆ: ಸಗರನಾಡಿನ ಉನ್ನತ ಶಿಕ್ಷಣದ ಹಾದಿ

ಸುರಪುರದ ಗುಡ್ಡವನ್ನು ಹತ್ತಿದವರಿಗೆ 'ಟೇಲರ್ ಮಂಜಿಲ್' ಎಂಬ ಹಳೆಯ ಬಂಗಲೆ ಕಾಣಸಿಗುತ್ತದೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ 1841ರಿಂದ 1853ರವರೆಗೆ ಇಲ್ಲಿನ ನಾಯಕ ಅರಸರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಆಗ ಪಟ್ಟದ ಹಕ್ಕುದಾರನಾಗಿದ್ದ ವೆಂಕಟಪ್ಪ ನಾಯಕನು ಇನ್ನೂ ಚಿಕ್ಕ ಬಾಲಕ. ಅವನ ವಿದ್ಯಾಭ್ಯಾಸದ ಮೇಲ್ವಿಚಾರಣೆ ಟೇಲರನ ಪಾಲಿಗೆ ಬಂದಿತು. ಬಾಲಕನು ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. ಹೀಗೆ ಓದು ಕಲಿತು ಬೆಳೆದ ಆ ತರುಣನೇ 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದು ಅದೇ ವರ್ಷ ಪ್ರಾಣ ತೆತ್ತನು. 1860ರಲ್ಲಿ ಸಂಸ್ಥಾನವು ಹೈದರಾಬಾದಿನ ನಿಜಾಮನ ಕೈ ಸೇರಿತು.

ಈ ವೀರಗಾಥೆಯನ್ನು ನಮ್ಮ ಜನ ಚೆನ್ನಾಗಿ ಬಲ್ಲರು. ಇಲ್ಲಿ ನಾನು ಅದನ್ನು ನೆನೆಯಲು ಕಾರಣ ಬೇರೆ. ಹೊಸಗಾಲದ ವಿದ್ಯೆಯು ಅಂದು ಗುಡ್ಡದ ಮೇಲಿನ ಅರಮನೆಯ ಒಬ್ಬ ಹುಡುಗನಿಗೆ ದೊರೆಯಿತು. ಗುಡ್ಡದ ಕೆಳಗೆ ಕುರಿ ಕಾಯುತ್ತಿದ್ದ, ಹೊಲದಲ್ಲಿ ಕಳೆ ಕೀಳುತ್ತಿದ್ದ ಮಕ್ಕಳಿಗೆ ಅದು ದೊರೆಯಲಿಲ್ಲ. ಆ ವಿದ್ಯೆ ಗುಡ್ಡದಿಂದ ಕೆಳಗಿಳಿದು ಬರಲು ಎಷ್ಟು ಕಾಲ ಹಿಡಿಯಿತು? ಅದನ್ನು ಇಳಿಸಲು ಯಾರು ಯಾರು ಹೆಗಲು ಕೊಟ್ಟರು? ಅದು ಕಟ್ಟಕಡೆಯ ಮನೆಯನ್ನು ಇಂದಿಗಾದರೂ ಮುಟ್ಟಿದೆಯೇ? ಯಾದಗಿರಿ, ಶಹಾಪುರ, ಸುರಪುರಗಳ ನಡುವೆ ಓಡಾಡುವವರೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು.

ಮನೆಯ ಮಾತು ಒಂದು, ಕಾಲೇಜಿನ ಮಾತು ಇನ್ನೊಂದು

ನಿಜಾಮನ ಆಳ್ವಿಕೆಯಲ್ಲಿ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡಿಗರಿಗೆ ಉನ್ನತ ಶಿಕ್ಷಣವೆಂದರೆ ದೂರದ ಹೈದರಾಬಾದ್. 1918ರಲ್ಲಿ ಅಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಪರದೇಶದ ಇಂಗ್ಲಿಷನ್ನು ಬಿಟ್ಟು ಭಾರತೀಯ ಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಕಲಿಸುವೆನೆಂದು ಹೊರಟ ಆ ವಿಶ್ವವಿದ್ಯಾಲಯದ ಸಾಹಸ ದೊಡ್ಡದು. ವಿಜ್ಞಾನ, ಇತಿಹಾಸ, ಕಾನೂನುಗಳ ಗ್ರಂಥಗಳನ್ನು ಅನುವಾದಿಸಲು ಅದು ಪ್ರತ್ಯೇಕ ಕಚೇರಿಯನ್ನೇ ತೆರೆಯಿತು. ಆದರೆ ಆರಿಸಿಕೊಂಡ ಭಾಷೆ ಉರ್ದು. ಶಹಾಪುರದ ರೈತನ ಮಗನು ಮನೆಯಲ್ಲಿ ಕನ್ನಡವನ್ನಾಡಿ, ಕಚೇರಿಯಲ್ಲಿ ಉರ್ದು ಕಾಗದವನ್ನು ಕಂಡು ಬೆಚ್ಚಿ, ಕಾಲೇಜಿನ ಕನಸನ್ನು ಕಾಣುವ ಮೊದಲೇ ನೇಗಿಲು ಹಿಡಿಯುತ್ತಿದ್ದನು. ಅವನ ತಂಗಿಯ ಮಾತನ್ನಂತೂ ಯಾರೂ ಎತ್ತುತ್ತಿರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಈ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಭಾಷೆಯ ತೊಡಕು ಅಲ್ಲಿಗೆ ತಕ್ಕಮಟ್ಟಿಗೆ ಬಿಡಿಸಿತು. ದೂರದ ತೊಡಕು ಉಳಿಯಿತು. ಹಳೆಯ ಮೈಸೂರಿನವರಿಗೆ 1916ರಿಂದಲೇ ಸ್ವಂತ ವಿಶ್ವವಿದ್ಯಾಲಯವಿದ್ದರೆ, ನಮ್ಮ ಭಾಗದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆಗೆ ಮುಖ ಮಾಡಬೇಕಾಗಿತ್ತು.

ಈ ಕೊರತೆಯನ್ನು ನೀಗಲು ಮೊದಲು ಮುಂದೆ ಬಂದವರು ಈ ನೆಲದವರೇ. ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ಸ್ವಾತಂತ್ರ್ಯಕ್ಕೂ ಮುಂಚೆಯೇ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದಿದ್ದರು. 1958ರಲ್ಲಿ, ಲೋಕಸಭಾ ಸದಸ್ಯರಾಗಿದ್ದ ಮಹಾದೇವಪ್ಪ ರಾಂಪೂರೆಯವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ಅದರ ಇಂಜಿನಿಯರಿಂಗ್ ಕಾಲೇಜಿಗೆ ದೊಡ್ಡಪ್ಪ ಅಪ್ಪ ಅವರ ಹೆಸರನ್ನೇ ಇಡಲಾಯಿತು. 1963ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದಿತು. ಸುರಪುರದಲ್ಲಿ ಶ್ರೀ ಪ್ರಭು ಮಹಾವಿದ್ಯಾಲಯ, ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯ ತಲೆಯೆತ್ತಿದವು. ನಾರಾಯಣಪುರ ಜಲಾಶಯದ ನೀರು ಕಾಲುವೆಗಳಲ್ಲಿ ಹರಿದು ಬಂದಂತೆ ಕಾಲೇಜುಗಳೂ ಹತ್ತಿರ ಹತ್ತಿರ ಬಂದವು.

ಆದರೂ ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪಲಿಲ್ಲ. 2010ರಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಒಂದು ಜಿಲ್ಲೆಯಾದವು. ಮರುವರ್ಷ ನಡೆದ 2011ರ ಜನಗಣತಿಯು ಹೊಸ ಜಿಲ್ಲೆಯ ಮುಂದೆ ಕನ್ನಡಿಯನ್ನು ಹಿಡಿಯಿತು. ಕರ್ನಾಟಕದ ಸಾಕ್ಷರತೆ ಶೇಕಡಾ 75ನ್ನು ದಾಟಿದ್ದಾಗ ಯಾದಗಿರಿಯದು ಶೇಕಡಾ 51.83, ರಾಜ್ಯದಲ್ಲಿಯೇ ಕಡೆಯ ಸ್ಥಾನ. ಮಹಿಳೆಯರ ಸಾಕ್ಷರತೆ ಶೇಕಡಾ 41ರ ಆಸುಪಾಸಿನಲ್ಲಿತ್ತು. ಎಂದರೆ, ಈ ಭಾಗದಲ್ಲಿ ಇಂಜಿನಿಯರಿಂಗ್ ಕಾಲೇಜು ಬಾಗಿಲು ತೆರೆದು ಅರ್ಧ ಶತಮಾನ ಕಳೆದ ಮೇಲೂ ಹತ್ತು ಮಹಿಳೆಯರಲ್ಲಿ ಆರು ಮಂದಿಗೆ ಅಕ್ಷರ ಬಾರದು.

2013ರಲ್ಲಿ ಸಂವಿಧಾನದ 371 ಜೆ ವಿಧಿಯು ಜಾರಿಗೆ ಬಂದಿತು. ಈ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70ರಷ್ಟು, ರಾಜ್ಯದ ಉಳಿದೆಡೆ ಶೇಕಡಾ 8ರಷ್ಟು ಸೀಟುಗಳು ಇಲ್ಲಿನ ಮಕ್ಕಳಿಗೆ ಮೀಸಲಾದವು. ದೀರ್ಘ ಹೋರಾಟದ ಫಲವದು. ಅದರಿಂದ ವೈದ್ಯರೂ ಇಂಜಿನಿಯರುಗಳೂ ಆದ ತರುಣ ತರುಣಿಯರು ನಮ್ಮ ಕಣ್ಣ ಮುಂದೆಯೇ ಇದ್ದಾರೆ. ಆದರೆ ಕಾಯ್ದಿರಿಸಿದ ಕುರ್ಚಿಯವರೆಗೆ ನಡೆದು ಬರಲು ಕಾಲುಗಳಲ್ಲಿ ಬಲ ಬೇಕು. ನಾಲ್ಕನೆಯ ತರಗತಿಯಲ್ಲಿ ಒಂದು ವಾಕ್ಯವನ್ನು ತಡವರಿಸದೆ ಓದಲಾಗದ ಮಗುವಿಗೆ ಆ ಕುರ್ಚಿ ಮೀಸಲಾಗಿದ್ದರೂ ದೂರವೇ.

ಶಾಲೆಯ ಬಾಗಿಲಿಗೆ ಬಂದ ಪ್ರತಿಷ್ಠಾನ

ಈ ಸತ್ಯವನ್ನು ಇದೇ ಮಣ್ಣಿನಲ್ಲಿ, ತಪ್ಪು ಮಾಡಿ ತಿದ್ದಿಕೊಳ್ಳುತ್ತಾ ಕಲಿತ ಸಂಸ್ಥೆಯೊಂದರ ಚರಿತ್ರೆಯನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕು. ಅದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ.

ಅಜೀಂ ಪ್ರೇಮ್‌ಜಿಯವರು 1966ರಲ್ಲಿ ತಂದೆ ತೀರಿಕೊಂಡಾಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಓದನ್ನು ಅರ್ಧಕ್ಕೆ ಬಿಟ್ಟು, 21ನೆಯ ವಯಸ್ಸಿನಲ್ಲಿ ಮನೆತನದ ಉದ್ಯಮದ ಭಾರವನ್ನು ಹೊತ್ತವರು. ಆ ಪದವಿಯನ್ನು ಅವರು ಮುಗಿಸಿದ್ದು ದಶಕಗಳ ಅನಂತರ. ವಿಪ್ರೋ ಸಂಸ್ಥೆಯಿಂದ ಗಳಿಸಿದ ಸಂಪತ್ತಿನ ಬಹುಪಾಲನ್ನು ಅವರು ಹಂತಹಂತವಾಗಿ ಪ್ರತಿಷ್ಠಾನಕ್ಕೆ ಧಾರೆಯೆರೆದರು. 2019ರ ಮಾರ್ಚ್ ವೇಳೆಗೆ ಹಾಗೆ ಮುಡಿಪಾದ ಸಂಪತ್ತಿನ ಮೌಲ್ಯ ಸುಮಾರು 1,45,000 ಕೋಟಿ ರೂಪಾಯಿ. ಹಣವಿದ್ದವರು ಸಾಮಾನ್ಯವಾಗಿ ತಮ್ಮದೇ ಶಾಲೆಯನ್ನು, ತಮ್ಮದೇ ಕಾಲೇಜನ್ನು ಕಟ್ಟಿ ಹೆಸರಿನ ಫಲಕವನ್ನು ತೂಗುಹಾಕುತ್ತಾರೆ. 2001ರ ಹೊತ್ತಿಗೆ ಕೆಲಸಕ್ಕಿಳಿದ ಈ ಪ್ರತಿಷ್ಠಾನವು ಸರ್ಕಾರಿ ಶಾಲೆಗಳ ಬಾಗಿಲಿಗೆ ಬಂದಿತು. ದೇಶದ ಬಡ ಮಕ್ಕಳಲ್ಲಿ ಹೆಚ್ಚಿನವರು ಓದುವುದು ಅಲ್ಲಿಯೇ.

ಮೊದಲ ಪ್ರಯತ್ನ ಕಂಪ್ಯೂಟರಿನದು. ಪಾಠಗಳನ್ನು ಸಿ.ಡಿ.ಗಳಲ್ಲಿ ತುಂಬಿ ಹಳ್ಳಿಯ ಶಾಲೆಗಳಿಗೆ ಕೊಡಲಾಯಿತು. ಮಕ್ಕಳು ಬೆರಗಿನಿಂದ ನೋಡಿದರು. ಆದರೆ ನಿರೀಕ್ಷಿಸಿದ ಕಲಿಕೆ ನಡೆಯಲಿಲ್ಲ. ವಿದ್ಯುತ್ತು ಇಲ್ಲದಿರುವುದು, ಯಂತ್ರ ಕೆಡುವುದು ಇವೆಲ್ಲ ಹೊರಗಿನ ಕಾರಣಗಳು. ಶಿಕ್ಷಕರ ಸ್ಥಾನವನ್ನು ಯಂತ್ರ ತುಂಬಲಾರದೆಂಬುದೇ ಒಳಗಿನ ಕಾರಣವಾಗಿತ್ತು. ಪ್ರತಿಷ್ಠಾನದ ಹಿರಿಯರು ಇದನ್ನು ಬಹಿರಂಗವಾಗಿ ಒಪ್ಪಿಕೊಂಡು ಆ ಕಾರ್ಯಕ್ರಮವನ್ನು ಕೈಬಿಟ್ಟರು.

ಎರಡನೆಯ ಪ್ರಯತ್ನ 2002ರಲ್ಲಿ ರಾಜ್ಯ ಸರ್ಕಾರದೊಡನೆ ಆರಂಭಿಸಿದ 'ಕಲಿಕಾ ಖಾತರಿ' ಕಾರ್ಯಕ್ರಮ. ಕರ್ನಾಟಕದ ಈಶಾನ್ಯ ಜಿಲ್ಲೆಗಳೇ ಅದರ ಕ್ಷೇತ್ರ. ಶಾಲೆಗಳು ತಾವಾಗಿಯೇ ಮುಂದೆ ಬಂದು ಹೆಸರು ನೋಂದಾಯಿಸಬೇಕು. ಮಕ್ಕಳ ದಾಖಲಾತಿ, ಹಾಜರಾತಿ ಮತ್ತು ಕಲಿಕೆಯನ್ನು ಹೊರಗಿನವರು ಬಂದು ಅಳೆಯುವರು. ನಿಗದಿಯಾದ ಮಟ್ಟವನ್ನು ಮುಟ್ಟಿದ ಶಾಲೆಗೆ ಬಹುಮಾನ. ಬಾಯಿಪಾಠವನ್ನು ಒಪ್ಪಿಸಿದರೆ ಸಾಲದು, ಮಗುವಿಗೆ ಅರ್ಥವಾಗಿದೆಯೇ ಎಂಬುದನ್ನು ಪರೀಕ್ಷಿಸಲಾಗುತ್ತಿತ್ತು. ಇದರಿಂದ ಊರವರಿಗೂ ಶಿಕ್ಷಕರಿಗೂ ನಿಜಸ್ಥಿತಿ ತಿಳಿಯಿತು. ಆದರೆ ಜ್ವರವನ್ನು ಅಳೆದ ಮಾತ್ರಕ್ಕೆ ಜ್ವರ ಇಳಿಯುವುದಿಲ್ಲ. ಹೇಗೆ ಕಲಿಸಬೇಕೆಂಬುದು ತಿಳಿಯದ ಶಿಕ್ಷಕನಿಗೆ ಬಹುಮಾನದ ಆಸೆಯಾಗಲೀ ಸೋಲಿನ ಭಯವಾಗಲೀ ದಾರಿಯನ್ನು ತೋರಿಸದು.

ಮೂರನೆಯದು ಸುರಪುರ ತಾಲ್ಲೂಕಿನಲ್ಲಿ ನಡೆಯಿತು. ಆ ದಶಕದ ನಡುವಿನಲ್ಲಿ ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 'ಮಕ್ಕಳ ಸ್ನೇಹಿ ಶಾಲೆ' ಎಂಬ ಪ್ರಯೋಗವನ್ನು ಕೈಗೊಳ್ಳಲಾಯಿತು. ಮಗು ಭಯವಿಲ್ಲದೆ ಬರುವಂತಹ ಶಾಲೆ, ಪ್ರಶ್ನೆ ಕೇಳಬಹುದಾದ ತರಗತಿ, ಊರವರು ತಮ್ಮದೆಂದು ಭಾವಿಸುವ ಕಟ್ಟಡ ಇವು ಅದರ ಗುರಿಗಳು. ವರ್ಷಗಟ್ಟಲೆ ಊರಿಂದೂರಿಗೆ ಅಲೆದ ಕಾರ್ಯಕರ್ತರಿಗೆ ಮತ್ತೆ ಮತ್ತೆ ಎದುರಾದದ್ದು ಒಂದೇ ಸಂಗತಿ. ಗೋಡೆಗೆ ಬಣ್ಣ ಬಳಿಯಬಹುದು, ಪುಸ್ತಕ ಕೊಡಬಹುದು. ಕಡೆಗೆ ಎಲ್ಲವೂ ನಿಲ್ಲುವುದು ಶಿಕ್ಷಕರ ಮೇಲೆ. ಆ ಶಿಕ್ಷಕರಾದರೂ ತಾವು ಓದಿದ ಕಾಲೇಜಿನಲ್ಲಿ ಪಡೆದದ್ದನ್ನೇ ಅಲ್ಲವೇ ಕೊಡಬಲ್ಲರು? ಬಾವಿಯಲ್ಲಿ ಇಲ್ಲದ್ದು ಕೊಡಕ್ಕೆ ಎಲ್ಲಿಂದ ಬಂದೀತು?

ವಿಶ್ವವಿದ್ಯಾಲಯವೇಕೆ?

ಹೀಗೆ ಒಂದನೆಯ ತರಗತಿಯಿಂದ ಹೊರಟ ದಾರಿ ಉನ್ನತ ಶಿಕ್ಷಣದ ಬಾಗಿಲಿಗೆ ಬಂದು ನಿಂತಿತು. ಶಿಕ್ಷಕರನ್ನು ರೂಪಿಸುವ ಶಿಕ್ಷಣವೇ ಸೊರಗಿದ್ದರೆ ಶಾಲೆ ಸುಧಾರಿಸದು. ದೇಶದ ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ಕಳಪೆ ಮಟ್ಟದವು ಎಂದು ಸರ್ವೋಚ್ಚ ನ್ಯಾಯಾಲಯವು ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗವು 2012ರಲ್ಲಿ ಹೇಳಿತು. ಆ ಮಾತು ಹೊರಬರುವ ಎರಡು ವರ್ಷ ಮೊದಲೇ, 2010ರಲ್ಲಿ, ಕರ್ನಾಟಕ ವಿಧಾನಮಂಡಲದ ಕಾಯ್ದೆಯ ಮೂಲಕ ಬೆಂಗಳೂರಿನಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಸ್ಥಾಪನೆಯಾಗಿತ್ತು. 2011ರಲ್ಲಿ ಸ್ನಾತಕೋತ್ತರ ತರಗತಿಗಳು ಆರಂಭವಾದವು.

ಅಲ್ಲಿ ಮೊದಲು ಕಲಿಸಲು ಆರಿಸಿಕೊಂಡ ವಿಷಯಗಳನ್ನು ಗಮನಿಸಬೇಕು. ಮಾರುಕಟ್ಟೆಯಲ್ಲಿ ಬೇಡಿಕೆಯಿದ್ದ ಇಂಜಿನಿಯರಿಂಗನ್ನಾಗಲೀ ವ್ಯಾಪಾರ ನಿರ್ವಹಣೆಯನ್ನಾಗಲೀ ಅದು ಆರಿಸಿಕೊಳ್ಳಲಿಲ್ಲ. ಶಿಕ್ಷಣ ಮತ್ತು ಅಭಿವೃದ್ಧಿ ಎಂಬ ಎರಡು ವಿಷಯಗಳಿಂದ ಆರಂಭಿಸಿತು. ಮಗು ಹೇಗೆ ಕಲಿಯುತ್ತದೆ, ಹಳ್ಳಿ ಏಕೆ ಬಡವಾಗಿ ಉಳಿಯುತ್ತದೆ ಎಂಬ ಪ್ರಶ್ನೆಗಳನ್ನು ವಿಶ್ವವಿದ್ಯಾಲಯದ ಮಟ್ಟದಲ್ಲಿ ಅಧ್ಯಯನ ಮಾಡಿಸುವುದು ಅದರ ಉದ್ದೇಶ. ಕುಟುಂಬದ ಆದಾಯಕ್ಕೆ ತಕ್ಕಂತೆ ಶುಲ್ಕದಲ್ಲಿ ರಿಯಾಯಿತಿ, ತೀರಾ ಬಡವರಿಗೆ ಪೂರ್ಣ ವಿನಾಯಿತಿ ನೀಡುವ ವ್ಯವಸ್ಥೆಯನ್ನು ಮಾಡಲಾಯಿತು. ಮುಂದೆ ಪದವಿ ತರಗತಿಗಳೂ ಬಂದವು. 2023ರಲ್ಲಿ ಭೋಪಾಲಿನಲ್ಲಿ ಎರಡನೆಯ ವಿಶ್ವವಿದ್ಯಾಲಯ ಆರಂಭವಾಯಿತು.

ನಮ್ಮ ಭಾಗಕ್ಕೆ ಇದರಿಂದ ಬಂದದ್ದೇನು? ಯಾದಗಿರಿಯಲ್ಲಿ ಪ್ರತಿಷ್ಠಾನದ ಜಿಲ್ಲಾ ಸಂಸ್ಥೆ ನೆಲೆಯೂರಿತು. ಶುಲ್ಕವಿಲ್ಲದ ಶಾಲೆಯೊಂದು ನಡೆಯುತ್ತಿದೆ. ತಾಲ್ಲೂಕುಗಳಲ್ಲಿ ಶಿಕ್ಷಕರ ಕಲಿಕಾ ಕೇಂದ್ರಗಳು ತೆರೆದವು. ಸಂಜೆ ಶಾಲೆ ಬಿಟ್ಟ ಮೇಲೆ, ಕೆಲವೊಮ್ಮೆ ರಜಾದಿನಗಳಲ್ಲಿ, ಶಿಕ್ಷಕರು ಯಾರ ಆದೇಶವೂ ಇಲ್ಲದೆ ಅಲ್ಲಿ ಕೂಡುತ್ತಾರೆ. ಭಿನ್ನರಾಶಿಯನ್ನು ರೊಟ್ಟಿ ಮುರಿದು ತೋರಿಸುವುದು ಹೇಗೆ, ಮನೆಯಲ್ಲಿ ಲಂಬಾಣಿಯನ್ನೋ ತೆಲುಗನ್ನೋ ಆಡುವ ಮಗುವಿಗೆ ಕನ್ನಡವನ್ನು ಓದಲು ಕಲಿಸುವುದು ಹೇಗೆ ಎಂಬಂತಹ ಮಾತುಕತೆ ಇಂತಹ ಕೂಟಗಳ ಜೀವಾಳ. ಶಿಕ್ಷಣಶಾಸ್ತ್ರದ ಬರಹಗಳನ್ನು ಕನ್ನಡಕ್ಕೂ ಹಿಂದಿಗೂ ತರುವ 'ಅನುವಾದ ಸಂಪದ' ಎಂಬ ಕಾರ್ಯವನ್ನೂ ವಿಶ್ವವಿದ್ಯಾಲಯ ಕೈಗೊಂಡಿದೆ. ಉಸ್ಮಾನಿಯಾದ ಅನುವಾದ ಕಚೇರಿ ಕನ್ನಡಿಗನಿಗೆ ನೀಡದಿದ್ದುದನ್ನು ಒಂದು ಶತಮಾನದ ತರುವಾಯ ಬೇರೊಂದು ವಿಶ್ವವಿದ್ಯಾಲಯ ಸ್ವಲ್ಪಮಟ್ಟಿಗಾದರೂ ನೀಡುತ್ತಿದೆ ಎಂಬುದು ಇತಿಹಾಸದ ವಿದ್ಯಾರ್ಥಿಗೆ ಸಮಾಧಾನ ತರುವ ಸಂಗತಿ.

ಒಪ್ಪಿಕೊಳ್ಳಬೇಕಾದ ಮಾತುಗಳು

ಹಾಗಾದರೆ ಎಲ್ಲವೂ ಸರಿಹೋಯಿತೇ? ಇಲ್ಲ. 2024ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ಶೇಕಡಾ 50.59ರೊಂದಿಗೆ ರಾಜ್ಯದಲ್ಲಿ ಕೊನೆಯದಾಯಿತು. 2025ರ ದ್ವಿತೀಯ ಪಿ.ಯು.ಸಿ. ಫಲಿತಾಂಶದಲ್ಲಿಯೂ ಶೇಕಡಾ 48.45ರೊಂದಿಗೆ ಕೊನೆಯ ಸ್ಥಾನವೇ. ಅದೇ ವರ್ಷ ಉಡುಪಿಯ ಫಲಿತಾಂಶ ಶೇಕಡಾ 93ಕ್ಕಿಂತ ಮೇಲು. ಒಂದೇ ರಾಜ್ಯ, ಒಂದೇ ಪ್ರಶ್ನೆಪತ್ರಿಕೆ. ಎರಡು ಜಿಲ್ಲೆಗಳ ನಡುವೆ ಇಷ್ಟು ಅಂತರ.

ಎರಡು ದಶಕಗಳ ಶ್ರಮ ವ್ಯರ್ಥವಾಯಿತೆಂದು ಈ ಅಂಕಿಗಳನ್ನು ಹಿಡಿದು ಹೇಳುವವರಿದ್ದಾರೆ. ಆ ತೀರ್ಮಾನ ಅವಸರದ್ದು. ಪ್ರತಿಷ್ಠಾನವು ಶಿಕ್ಷಕರಿಗೆ ನೆರವಾಗಬಹುದು. ಖಾಲಿ ಇರುವ ಶಿಕ್ಷಕರ ಹುದ್ದೆಯನ್ನು ತುಂಬಬೇಕಾದುದು ಸರ್ಕಾರ. ಹತ್ತಿ ಬಿಡಿಸುವ ಕಾಲ ಬಂದಾಗ ಶಹಾಪುರ, ಸುರಪುರದ ಹೊಲಗಳಿಗೆ ಕೂಲಿಯವರನ್ನು ತುಂಬಿಕೊಂಡು ಹೋಗುವ ವಾಹನಗಳಲ್ಲಿ ಶಾಲೆಯ ಮಕ್ಕಳೂ ಇರುತ್ತಾರೆ. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಮನೆಗೆ ಬೀಗ ಹಾಕಿ ಬೆಂಗಳೂರಿನ ಕಟ್ಟಡ ಕೆಲಸಗಳಿಗೆ ಗುಳೆ ಹೋಗುತ್ತವೆ. ಯಾವ ವಿಶ್ವವಿದ್ಯಾಲಯವೂ ಇವನ್ನು ಒಂಟಿಯಾಗಿ ನಿಲ್ಲಿಸಲಾರದು. ಅಲ್ಲದೆ, ಒಬ್ಬ ಉದ್ಯಮಿಯ ಔದಾರ್ಯದ ಮೇಲೆ ಒಂದು ನಾಡಿನ ಶಿಕ್ಷಣ ನಿಲ್ಲುವುದು ಆರೋಗ್ಯಕರವೂ ಅಲ್ಲ. ದಾನಿಯು ದಾರಿಯನ್ನು ತೋರಿಸಬಹುದು. ಆ ದಾರಿಯನ್ನು ಎಲ್ಲರಿಗೂ ಕಟ್ಟಿಕೊಡಬೇಕಾದುದು ಪ್ರಜೆಗಳ ತೆರಿಗೆಯಿಂದ ನಡೆಯುವ ಸರ್ಕಾರವೇ.

ಮೂವತ್ತು ಸಾವಿರ ಮತ್ತು ಒಂದು ಮಾತು

ಈ ಹಾದಿಯ ತೀರ ಈಚಿನ ಹೆಜ್ಜೆ ನಮ್ಮ ಮನೆಗಳಿಗೇ ಸಂಬಂಧಪಟ್ಟದ್ದು. ಸರ್ಕಾರಿ ಶಾಲೆ ಮತ್ತು ಸರ್ಕಾರಿ ಕಾಲೇಜಿನಲ್ಲಿ ಹತ್ತನೆಯ ಹಾಗೂ ಹನ್ನೆರಡನೆಯ ತರಗತಿಯನ್ನು ಮುಗಿಸಿ, ಪದವಿಗೋ ಡಿಪ್ಲೊಮಾಕ್ಕೋ ಸೇರುವ ಹೆಣ್ಣುಮಕ್ಕಳಿಗೆ ಓದು ಮುಗಿಯುವವರೆಗೆ ಪ್ರತಿವರ್ಷ 30,000 ರೂಪಾಯಿಗಳ ವಿದ್ಯಾರ್ಥಿವೇತನವನ್ನು ಪ್ರತಿಷ್ಠಾನವು ಆರಂಭಿಸಿತು. 2025-26ರಲ್ಲಿ ಅದು ಕರ್ನಾಟಕವೂ ಸೇರಿದಂತೆ 18 ರಾಜ್ಯಗಳಿಗೆ ವಿಸ್ತರಿಸಿತು. ಹಣವು ನೇರವಾಗಿ ವಿದ್ಯಾರ್ಥಿನಿಯ ಬ್ಯಾಂಕ್ ಖಾತೆಗೆ ಸೇರುತ್ತದೆ.

ಹನ್ನೆರಡನೆಯ ತರಗತಿಯ ಬಳಿಕದ ಆ ಬೇಸಿಗೆಯಲ್ಲಿ ನಮ್ಮ ಊರುಗಳಲ್ಲಿ ನಡೆಯುವುದೇನೆಂದು ಧರ್ಮಗುರುಗಳಾದ ನಮಗೆ ಗೊತ್ತು. ಪಾಸಾದ ಮಗಳನ್ನು ಮುಂದೆ ಓದಿಸಿರೆಂದು ನಾನು ಒಬ್ಬ ತಂದೆಗೆ ಹೇಳಿದೆ. ಒಳ್ಳೆಯ ಮನುಷ್ಯ, ದುಡಿಯಲು ಹಿಂಜರಿದವನಲ್ಲ, ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದವನು. ಅವನು ತಲೆ ತಗ್ಗಿಸಿ, "ಫಾದರ್, ಓದಿಸಬೇಕಂತ ನನಗೂ ಆಸೆ ಅದರಿ. ಬಸ್ಸಿನ ಖರ್ಚು, ಪುಸ್ತಕದ ಖರ್ಚು ಎಲ್ಲಿಂದ ತರ್ಲಿ? ಮ್ಯಾಲೆ ಮಂದಿ ಮಾತಾಡ್ತಾರ್ರಿ. ಲಗ್ನಾ ಮಾಡಿಬಿಟ್ರ ಚಿಂತಿ ಹೋಗ್ತದ" ಎಂದನು. ಅವನ ಉತ್ತರದಲ್ಲಿ ಎರಡು ಕಾರಣಗಳಿದ್ದವು. ಮೊದಲನೆಯದು ಹಣ. ವರ್ಷಕ್ಕೆ 30,000 ರೂಪಾಯಿ ಬಂದರೆ ಬಸ್ಸಿನ ಪಾಸು, ಪುಸ್ತಕ, ಪರೀಕ್ಷಾ ಶುಲ್ಕಗಳ ಚಿಂತೆ ಬಹಳಷ್ಟು ಕಳೆಯುತ್ತದೆ. ಎರಡನೆಯದು 'ಮಂದಿ'. ಅದಕ್ಕೆ ಯಾವ ಪ್ರತಿಷ್ಠಾನದ ಬಳಿಯೂ ವಿದ್ಯಾರ್ಥಿವೇತನವಿಲ್ಲ. ಆ ಮಂದಿ ಎಂದರೆ ನಾವೇ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಂತು, ಕಾಲೇಜಿಗೆ ಹೋಗುವ ಹುಡುಗಿಯ ಬಗ್ಗೆ ನಾವು ಆಡುವ ಒಂದು ಹಗುರವಾದ ಮಾತು ಅವಳ ಮೂರು ವರ್ಷಗಳ ಓದನ್ನು ನಿಲ್ಲಿಸಬಲ್ಲದು. ಮೆಚ್ಚುಗೆಯ ಒಂದು ಮಾತು ಅವಳ ತಂದೆಗೆ ಧೈರ್ಯವನ್ನು ಕೊಡಬಲ್ಲದು.

ಪ್ರಿಯ ಓದುಗರೇ, ಈ ಇತಿಹಾಸವನ್ನು ಓದಿದಾಗ ನನಗೆ ದೊಡ್ಡದಾಗಿ ಕಾಣುವುದು ಸಾವಿರಾರು ಕೋಟಿಯ ದಾನಕ್ಕಿಂತಲೂ ತಪ್ಪಿದಾಗ ತಪ್ಪಿದೆವೆಂದು ಹೇಳಿ ಮರಳಿ ಮೊದಲಿಡುವ ವಿನಯ. ಕಂಪ್ಯೂಟರಿನಿಂದ ಪರೀಕ್ಷೆಗೆ, ಪರೀಕ್ಷೆಯಿಂದ ಶಿಕ್ಷಕರಿಗೆ, ಶಿಕ್ಷಕರಿಂದ ವಿಶ್ವವಿದ್ಯಾಲಯಕ್ಕೆ, ವಿಶ್ವವಿದ್ಯಾಲಯದಿಂದ ಮರಳಿ ಹಳ್ಳಿಯ ಹುಡುಗಿಯ ಬಳಿಗೆ ಒಂದು ಸಂಸ್ಥೆ ನಡೆದು ಬಂದಿತು. ಉನ್ನತ ಶಿಕ್ಷಣವು ಕಾಲೇಜಿನ ಹೆಬ್ಬಾಗಿಲಿನಲ್ಲಿ ಆರಂಭವಾಗುವುದಿಲ್ಲ, ಒಂದನೆಯ ತರಗತಿಯ ಚಾಪೆಯ ಮೇಲೆ ಆರಂಭವಾಗುತ್ತದೆ ಎಂಬುದನ್ನು ಅದು ಕಲಿತದ್ದು ನಮ್ಮ ಸುರಪುರದಂತಹ ಊರುಗಳಲ್ಲಿ. ನಮ್ಮ ಊರಿನಿಂದ ಹೊರಗಿನವರು ಕಲಿತ ಪಾಠವನ್ನು ನಾವು ಕಲಿಯದೆ ಉಳಿಯಬಾರದು.

ಈ ಬಾರಿ ಫಲಿತಾಂಶ ಬಂದ ದಿನ ನಿಮ್ಮ ಕೇರಿಯಲ್ಲಿ ಪಾಸಾದ ಹುಡುಗಿ ಯಾರೆಂದು ವಿಚಾರಿಸಿರಿ. ಅವಳಿಗೆ ಅರ್ಜಿ ತುಂಬಲು ಬರುತ್ತದೆಯೇ, ಬ್ಯಾಂಕ್ ಖಾತೆ ಇದೆಯೇ ಎಂದು ಕೇಳಿರಿ. ಬಾರದಿದ್ದರೆ ಪಕ್ಕದಲ್ಲಿ ಕುಳಿತು ತುಂಬಿಕೊಡಿರಿ. ಅವಳ ತಂದೆಯ ಮನೆಗೆ ಒಮ್ಮೆ ಹೋಗಿ ಬನ್ನಿರಿ. ಅಂದು ಗುಡ್ಡದ ಮೇಲಿನ ಬಂಗಲೆಯಲ್ಲಿ ಒಬ್ಬ ರಾಜಕುಮಾರನಿಗೆ ದೊರೆತ ವಿದ್ಯೆ ಕೆಳಗಿಳಿದು ಈ ಕೇರಿಯವರೆಗೆ ಬರಲು ನೂರೆಂಬತ್ತು ವರ್ಷಗಳೇ ಬೇಕಾದವು. ಇನ್ನು ಉಳಿದಿರುವುದು ಕೇರಿಯಿಂದ ಆ ಮನೆಯ ಹೊಸ್ತಿಲವರೆಗಿನ ದೂರ.